ಖಡಿ, ಸುಂಕು, ಕರಿ ಚಸ್ಮಾ: ಮುರುಮ ಸೀಮೆಯ ಸೈಕಲ್ ಸವಾರರು ಕಣ್ಣು ಕಾಯ್ದುಕೊಂಡ ಬಗೆ

ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಸೈಕಲ್ ತುಳಿಯುವವರ ಕಣ್ಣಿಗೆ ಬೀಳುವ ಕಸ ವರ್ಷವಿಡೀ ಒಂದೇ ತರಹದ್ದಲ್ಲ. ಫೆಬ್ರುವರಿ, ಮಾರ್ಚ್‌ನಲ್ಲಿ ಹಿಂಗಾರಿ ಜೋಳದ ರಾಶಿ ನಡೆದಾಗ ತೆನೆಯ ನವಿರಾದ ಸುಂಕು ಗಾಳಿಯಲ್ಲಿ ತೇಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಎರೆಹೊಲದ ಮಣ್ಣು ನುಣ್ಣಗಾಗಿ ಮೇಲೇಳುತ್ತದೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಹುಳಗಳು ದೀಪದ ಕಡೆ ನುಗ್ಗುತ್ತವೆ. ದಸರೆಯ ಹೊತ್ತಿಗೆ ಸೋಯಾಬೀನ್ ಒಕ್ಕುವ ಯಂತ್ರಗಳು ಹೊಲದ ಅಂಚಿನಲ್ಲಿ, ಎಷ್ಟೋ ಸಲ ರಸ್ತೆಯ ಮಗ್ಗುಲಲ್ಲೇ ನಿಂತು ಹೊಟ್ಟು ಉಗುಳುತ್ತವೆ. ಇವುಗಳ ನಡುವೆ ಕಣ್ಣು ತೆರೆದುಕೊಂಡು ದಾರಿ ಸವೆಸುವುದು ಹೇಗೆಂಬ ಪ್ರಶ್ನೆ ಸೈಕಲ್ಲಿಗಿಂತ ಹಳೆಯದು. ಅದಕ್ಕೆ ಕನ್ನಡಕವೇ ಉತ್ತರ ಎಂದಾದದ್ದು ಮಾತ್ರ ತೀರ ಈಚೆಗೆ.

ಈ ಸೀಮೆಯ ತಳದಲ್ಲಿರುವುದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಬಸಾಲ್ಟ್ ಬಂಡೆ. ಅದು ಪೂರ್ತಿ ಕರಗಿದಲ್ಲಿ ಎರೆ ಮಣ್ಣಾಗಿದೆ, ಅರ್ಧ ಕರಗಿದಲ್ಲಿ ಗರಸಾಗಿ ಉಳಿದಿದೆ. ಊರೂರ ದಾರಿಗೆ ಹಾಸುತ್ತ ಬಂದದ್ದು ಈ ಗರಸನ್ನೇ. ಮಳೆಗಾಲದಲ್ಲಿ ಗಾಲಿ ಹೂಳದಂತೆ ತಡೆಯುವ ಗರಸು ಬೇಸಿಗೆಯಲ್ಲಿ ಪುಡಿಯಾಗಿ ಹಾರುತ್ತದೆ. ಬಸಾಲ್ಟಿನಲ್ಲಿರುವ ಖನಿಜಗಳು ಗಾಜಿನಷ್ಟೇ ಗಡಸು, ಕೆಲವು ಅದಕ್ಕಿಂತ ಹೆಚ್ಚು. ಬಂಡೆಯ ಪೊಟ್ಟರೆಗಳಲ್ಲಿ ಬೆಳೆದ ಬೆಣಚು, ಅಗೇಟು ಇನ್ನೂ ಗಡಸು. ಇಲ್ಲಿಯ ಧೂಳು ಕಣ್ಣನ್ನು ಕೆರೆಯುವಂತೆ ಕನ್ನಡಕವನ್ನೂ ಕೆರೆಯುವುದು ಇದೇ ಕಾರಣಕ್ಕೆ.

ಹಿಂದಿನ ಕಾಲದ ಸವಾರನ ರಕ್ಷಣೆ ಬಟ್ಟೆಯಲ್ಲಿತ್ತು. ಕುದುರೆಯ ಮೇಲೋ ಚಕ್ಕಡಿಯಲ್ಲೋ ಹೋಗುವವರು ರುಮಾಲಿನ ಒಂದು ಸುತ್ತನ್ನು ಹುಬ್ಬಿನವರೆಗೆ ಇಳಿಸುತ್ತಿದ್ದರು. ದಸ್ತಿಯನ್ನು ಮೂಗು ಬಾಯಿಗೆ ಕಟ್ಟಿ ಕಣ್ಣಷ್ಟನ್ನೇ ಬಿಡುತ್ತಿದ್ದರು. ಹೆಂಗಸರಿಗೆ ಸೆರಗಿತ್ತು. ಬಟ್ಟೆಯ ಜತೆಗೆ ಹೊತ್ತಿನ ಲೆಕ್ಕವೂ ಇತ್ತು. ಬೇಸಿಗೆಯ ಪಯಣ ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ಮುಗಿಯಬೇಕು, ಗಾಳಿಗೆ ಎದುರಾಗಿ ರಾಶಿಯ ಕಣದ ಹತ್ತಿರ ಹಾಯಬಾರದು. ಇಷ್ಟು ಮಾಡಿಯೂ ಕಣ್ಣಿಗೆ ಕಸ ಬಿದ್ದರೆ ಬಟ್ಟೆಯ ತುದಿಯನ್ನು ಉಂಡೆ ಮಾಡಿ, ಬಾಯಿಯಿಂದ ಊದಿ ಕಾವು ಕೊಡುವುದು, ಹರಳೆಣ್ಣೆಯ ಹನಿ ಬಿಡುವುದು, ನಾಲಿಗೆಯ ತುದಿಯಿಂದ ಕಸ ಎತ್ತುವುದು ಮನೆಯ ಮದ್ದುಗಳಾಗಿದ್ದವು. ಕಾವು ಕೊಡುವುದರಿಂದ ಹಾನಿಯಿಲ್ಲ. ನಾಲಿಗೆಯ ಚಿಕಿತ್ಸೆ ಮಾತ್ರ ಗೀರುಬಿದ್ದ ಕಣ್ಣಿಗೆ ಬಾಯಿಯ ಸೋಂಕನ್ನು ಸಾಗಿಸುವ ನೇರ ದಾರಿ. ಗೀರು ಹುಣ್ಣಾಗಿ, ಹುಣ್ಣು ಮಾಯ್ದ ಮೇಲೆ ಬಿಳಿ ಕಲೆ ಉಳಿದರೆ ‘ಕಣ್ಣಿಗೆ ಹೂ ಬಿತ್ತು’ ಎನ್ನುತ್ತಿದ್ದರು. ಹೂ ಬಿದ್ದ ಕಣ್ಣಿನವರು ಇಲ್ಲದ ಊರು ಇರಲಿಲ್ಲ.

ಆ ಕಾಲಕ್ಕೆ ಕನ್ನಡಕ ದೇಶದಲ್ಲಿ ಇರಲಿಲ್ಲವೆಂದಲ್ಲ. ವಿಜಯನಗರದ ರಾಜಗುರು ವ್ಯಾಸರಾಯರ ಸಮಕಾಲೀನನಾದ ಸೋಮನಾಥ ಕವಿ ಬರೆದ ಸಂಸ್ಕೃತ ಕಾವ್ಯ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕಣ್ಣಿಗೆ ಗಾಜಿನ ಸಾಧನ ಇಟ್ಟುಕೊಂಡು ಗ್ರಂಥ ಓದುವ ಉಲ್ಲೇಖವಿದೆ. ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಹುಡುಕಿದ ಪುಣೆಯ ಭಂಡಾರಕರ ಸಂಸ್ಥೆಯ ಪಿ.ಕೆ. ಗೋಡೆಯವರು 16ನೆಯ ಶತಮಾನದ ಆರಂಭದ ಈ ಉಲ್ಲೇಖವನ್ನು ಅತಿ ಹಳೆಯವುಗಳಲ್ಲಿ ಒಂದೆಂದು ಎಣಿಸಿದರು. ತಂಜಾವೂರಿನ ಬಳಿಯ ವಲ್ಲಂ ಊರಿನಲ್ಲಿ ಸ್ಫಟಿಕವನ್ನು ಉಜ್ಜಿ ಕನ್ನಡಕದ ಕಲ್ಲು ಮಾಡುವ ಕಸಬು ನೆಲೆಸಿತ್ತು. ಸ್ಫಟಿಕ ಗಾಜಿಗಿಂತ ಗಡಸಾದ್ದರಿಂದ ಧೂಳಿಗೆ ಸುಲಭವಾಗಿ ಗೀರುಬೀಳದು; ಮುಟ್ಟಿದರೆ ತಣ್ಣಗಿರುವುದರಿಂದ ಕಣ್ಣಿಗೆ ತಂಪು ಎಂಬ ಹೆಸರೂ ಅದಕ್ಕೆ ಬಂತು. ಸೂರ್ಯನ ನೇರಳಾತೀತ ಕಿರಣಗಳನ್ನು ಅದು ತಡೆಯುವುದಿಲ್ಲ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಏನೇ ಇದ್ದರೂ ಇವೆಲ್ಲ ಕುಳಿತು ಓದುವವರ, ಲೆಕ್ಕ ಬರೆಯುವವರ, ರತ್ನ ನೋಡುವವರ ಉಪಕರಣಗಳು. ಗಡಿನಾಡಿನಲ್ಲಿ ಕನ್ನಡಕಕ್ಕೆ ‘ಚಾಳೀಸು’ ಎನ್ನುತ್ತಾರೆ. ಅದು ನಲವತ್ತು ದಾಟಿದ ವಯಸ್ಸಿನ ಗುರುತಾಗಿತ್ತೇ ಹೊರತು ದಾರಿ ನಡೆಯುವವನ ಸರಂಜಾಮು ಆಗಿರಲಿಲ್ಲ.

ಸೈಕಲ್ ಬರಲು ಮೊದಲು ರಸ್ತೆ ಬೇಕಿತ್ತು. ನಿಲಂಗಾ, ಉಮರ್ಗಾ ಮತ್ತು ಉಮರ್ಗಾ ತಾಲೂಕಿನ ಮುರುಮ ಊರುಗಳಿಗೆ ಇಂದಿಗೂ ರೈಲಿಲ್ಲ. ಮೂರು ತಾಲೂಕುಗಳ ಪಟ್ಟಣಗಳಲ್ಲಿ ಹಳಿ ಕಂಡದ್ದು ಉದಗೀರ ಒಂದೇ. ಸೊಲ್ಲಾಪುರದಿಂದ ನಳದುರ್ಗ, ಉಮರ್ಗಾ, ಹುಮನಾಬಾದಗಳ ಮೇಲೆ ಹೈದರಾಬಾದಿಗೆ ಹೋಗುವ ದಾರಿಯೇ ಈ ಸೀಮೆಯ ಬೆನ್ನೆಲುಬು. ಬಹುಕಾಲ ಅದು ರಾಷ್ಟ್ರೀಯ ಹೆದ್ದಾರಿ 9 ಆಗಿತ್ತು, ಈಗ 65. 1853ರಲ್ಲಿ ನಳದುರ್ಗ ಜಿಲ್ಲೆ ಬ್ರಿಟಿಷರ ಕೈಗೆ ಬಂದ ಮೇಲೆ 1857ರವರೆಗೆ ಅದರ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ರಸ್ತೆ ಮಾಡಿಸುವುದು ಅವನ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಮುಂದೆ ಸೀಮೆ ನಿಜಾಮನಿಗೆ ಮರಳಿತು. 1932ರಲ್ಲಿ ನಿಜಾಮ ಸರ್ಕಾರ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಬಸ್ಸು ಬಂದದ್ದರಿಂದ ದಾರಿಯ ಧೂಳಿನ ಸ್ವರೂಪವೇ ಬದಲಾಯಿತು. ಚಕ್ಕಡಿಯ ಗಾಲಿ ಎಬ್ಬಿಸುವ ಧೂಳು ಮೊಣಕಾಲಿನ ಮಟ್ಟದ್ದು, ಬಸ್ಸಿನದು ಮುಖದ ಮಟ್ಟದ್ದು.

ಯುರೋಪಿನಲ್ಲಿ ಇದೇ ಧೂಳು ಕನ್ನಡಕದ ಹೊಸ ಜಾತಿಯೊಂದನ್ನು ಹುಟ್ಟಿಸಿತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಇಂದಿನ ಮಾದರಿಯ ಸೈಕಲ್ಲನ್ನು ರೂಪಿಸಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ಕೊಟ್ಟ. ವೇಗ ಹೆಚ್ಚಿತು, ಡಾಂಬರು ಇನ್ನೂ ಬಂದಿರಲಿಲ್ಲ. 1890ರ ದಶಕದಲ್ಲಿ ಸೈಕಲ್ ಸವಾರರಿಗೆಂದೇ ಅಂಚಿಗೆ ತಂತಿಜಾಲರಿ ಅಥವಾ ತೊಗಲು ಹೊಲಿದ ಧೂಳುಗನ್ನಡಕಗಳು ಮಾರಾಟವಾಗುತ್ತಿದ್ದವು. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಓಟದ ಹಳೆಯ ಚಿತ್ರಗಳಲ್ಲಿ ಮುಖವೆಲ್ಲ ಮಣ್ಣಾಗಿ, ಕಣ್ಣಿನ ಸುತ್ತ ಮಾತ್ರ ಬೆಳ್ಳಗೆ ಉಳಿದ ಸವಾರರು ಕಾಣುತ್ತಾರೆ. ಆ ಕನ್ನಡಕಗಳ ದೊಡ್ಡ ದೋಷ ಗಾಜೇ. ಕಲ್ಲು ತಗಲಿದರೆ, ಬಿದ್ದರೆ, ಅದು ಚೂರಾಗಿ ಕಾಯಬೇಕಾದ ಕಣ್ಣಿಗೇ ನುಗ್ಗುತ್ತಿತ್ತು. ಎರಡು ಗಾಜಿನ ನಡುವೆ ಅಂಟುಪೊರೆಯಿಟ್ಟ ಒಡೆದರೂ ಉದುರದ ಗಾಜಿಗೆ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಹಕ್ಕುಪತ್ರ ಪಡೆದ ಮೇಲೆ ಈ ಭಯ ಒಂದಿಷ್ಟು ತಗ್ಗಿತು. ಮೊದಲ ಮಹಾಯುದ್ಧದ ವಿಷಾನಿಲದ ಮುಖವಾಡಗಳಿಗೆ ಬಳಸಿದ್ದು ಇಂಥ ಗಾಜನ್ನೇ.

ಇಂಗ್ಲೆಂಡಿನ ಸೈಕಲ್ ಭಾರತಕ್ಕೆ ಬಂತು, ಅದರ ಧೂಳುಗನ್ನಡಕ ಬರಲಿಲ್ಲ. ಗಡಿನಾಡಿನ ಹಳ್ಳಿಯ ಮಟ್ಟಿಗೆ ಸೈಕಲ್ ಮೊದಲು ಅಂಚೆಯವನ, ಸಾಲಿ ಮಾಸ್ತರರ, ಅಂಗಡಿಕಾರರ ವಾಹನ. ಬರಿಗೈಯವರಿಗೆ ತಾಸಿನ ಲೆಕ್ಕದ ಕಿರಾಯಿ ಸೈಕಲ್. ಸ್ವಾತಂತ್ರ್ಯದ ಬೆನ್ನಿಗೆ ದೇಶದ ಕಾರ್ಖಾನೆಗಳು ಎದ್ದವು: ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್, ಸೋನಿಪತದಲ್ಲಿ 1951ರಲ್ಲಿ ಅಟ್ಲಾಸ್, ಲುಧಿಯಾನದಲ್ಲಿ 1956ರಲ್ಲಿ ಹೀರೋ. ಸೈಕಲ್ ಅಗ್ಗವಾಯಿತು. ಇದೇ ಅವಧಿಯಲ್ಲಿ ಸೀಮೆಯ ಆಡಳಿತವೂ ಕೈ ಬದಲಾಯಿಸಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಶರಣಾಯಿತು. 1956ರ ನವೆಂಬರ್ 1ರಂದು ಅಹ್ಮದಪುರ, ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಿಂದ ಬೇರೆಯಾಗಿ ಮುಂಬಯಿ ರಾಜ್ಯಕ್ಕೆ, ಬೀದರದ ಉಳಿದ ಭಾಗದಲ್ಲಿ ಹೆಚ್ಚಿನದು ಮೈಸೂರಿಗೆ ಸೇರಿದವು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಮೈಸೂರಿನ ಕಡೆಗೆ ಹೋದ ಆಳಂದ, ಬಸವಕಲ್ಯಾಣ, ಭಾಲ್ಕಿಗಳ ಸಂತೆ, ಬೀಗತನ, ಜಾತ್ರೆಗಳ ಓಡಾಟ ಈ ಹೊಸ ಗಡಿಗೆರೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದರಲ್ಲಿ ಒಂದು ಪಾಲು ಸೈಕಲ್ ಮೇಲೆಯೇ ನಡೆಯಿತು.

ಪಂಚಾಯಿತಿ, ನಗರಸಭೆಗಳು ಸೈಕಲ್ಲಿಗೆ ಕರ ಹಾಕಿ ಬಿಲ್ಲೆ ಕೊಟ್ಟವು. ರಾತ್ರಿ ದೀಪವಿಲ್ಲದಿದ್ದರೆ ಪೊಲೀಸರು ಗಾಲಿಯ ಗಾಳಿ ಬಿಟ್ಟರು. ಬೆಲ್ಲು, ಬ್ರೇಕು, ದೀಪದ ಬಗ್ಗೆ ಕಾನೂನಿತ್ತು, ಸವಾರನ ಕಣ್ಣಿನ ಬಗ್ಗೆ ಇರಲಿಲ್ಲ. ಅದಕ್ಕೆ ಕಾರಣವೂ ಇದೆ. ಮಣಭಾರದ ಕಪ್ಪು ಸೈಕಲ್ಲಿನ ವೇಗ ತಾಸಿಗೆ 12ರಿಂದ 15 ಕಿಲೋಮೀಟರ್. ಆ ವೇಗದಲ್ಲಿ ಗಾಳಿ ಕಣ್ಣೀರು ತರಿಸುವುದಿಲ್ಲ. ಬಸ್ಸು ಬಂದರೆ ಇಳಿದು, ಮುಖ ತಿರುಗಿಸಿ, ದಸ್ತಿ ಅಡ್ಡ ಹಿಡಿದು ಧೂಳು ಇಳಿಯುವವರೆಗೆ ನಿಲ್ಲಬಹುದು. ಹಳೆಯ ತಲೆಮಾರಿನ ಈ ನಿಲುಗಡೆಯನ್ನು ಸೋಮಾರಿತನವೆಂದು ಕಾಣುವುದು ತಪ್ಪು. ಯಾವ ಕನ್ನಡಕಕ್ಕೂ ಕಡಿಮೆಯಿಲ್ಲದ ರಕ್ಷಣೆ ಅದರಲ್ಲಿತ್ತು.

ದಸ್ತಿಯಿಂದ ತಡೆಯಲಾಗದ್ದು ಸೂರ್ಯ. ಮುರುಮದಿಂದ ಉಮರ್ಗಾ ಹೆಚ್ಚುಕಡಿಮೆ ಪೂರ್ವಕ್ಕಿದೆ. ಬೆಳಿಗ್ಗೆ ಕೋರ್ಟು, ಕಚೇರಿ, ಸಾಲಿ, ಸಂತೆಗೆ ಹೊರಟವನಿಗೆ ಹುಟ್ಟುವ ಸೂರ್ಯ ಎದುರಿಗೆ, ಸಂಜೆ ಮರಳುವಾಗ ಮುಳುಗುವ ಸೂರ್ಯ ಎದುರಿಗೆ. ತಾಲೂಕಿನ ಊರಿಗೆ ಪಶ್ಚಿಮದಲ್ಲಿರುವ ಎಲ್ಲ ಹಳ್ಳಿಗಳ ಹಣೆಬರಹ ಇದೇ. ಗಾಂಧಿ ಟೋಪಿಗೆ ಅಂಚಿಲ್ಲ, ರುಮಾಲಿನ ಮುಂದಿನ ಸುತ್ತು ಮಾತ್ರ ಕೊಂಚ ನೆರಳು ಕೊಡುತ್ತಿತ್ತು. ಇಳಿಬಿಸಿಲು ಕಣ್ಣು ಕುಕ್ಕುವ ಆ ಅರ್ಧ ತಾಸಿನಲ್ಲಿ ತಗ್ಗು, ದನ, ಎದುರಿನ ಲಾರಿ ಯಾವುದೂ ಸರಿಯಾಗಿ ಕಾಣುವುದಿಲ್ಲ. ಕರಿ ಕನ್ನಡಕ ನಿಜವಾಗಿ ಕೆಲಸಕ್ಕೆ ಬರುವ ಹೊತ್ತು ಮಧ್ಯಾಹ್ನಕ್ಕಿಂತ ಇದು.

ಕಣ್ಣಿನ ಗಾಯದ ಇನ್ನೊಂದು ಅಧ್ಯಾಯ ರಸ್ತೆ ಮಾಡುವವರದು. 1972ರ ಬರದಲ್ಲಿ ಉಸ್ಮಾನಾಬಾದ್ ಸೇರಿದಂತೆ ಮರಾಠವಾಡದ ಜಿಲ್ಲೆಗಳಲ್ಲಿ ಬಾವಿಗಳು ಬತ್ತಿ, ಹೊಲ ಬಿತ್ತದೆ ಉಳಿದಾಗ ಸರ್ಕಾರ ದುಷ್ಕಾಳ ಕಾಮಗಾರಿ ತೆರೆಯಿತು. ಲಕ್ಷಗಟ್ಟಲೆ ಜನ ಖಡಿ (ಜಲ್ಲಿಕಲ್ಲು) ಒಡೆಯಲು ಕುಳಿತರು. ಒಡ್ಡರಿಗೆ ಕುಲಕಸುಬಾಗಿದ್ದ ಕಲ್ಲಿನ ಕೆಲಸಕ್ಕೆ ಎಂದೂ ಸುತ್ತಿಗೆ ಹಿಡಿಯದ ಒಕ್ಕಲು ಮನೆಯ ಹೆಂಗಸರು, ಮಕ್ಕಳು ಬಂದರು. ಬಸಾಲ್ಟ್ ಒಡೆದಾಗ ಹಾರುವ ಚಕ್ಕೆಯ ಅಂಚು ಚಾಕುವಿನಷ್ಟು ಹರಿತ. ಕಲ್ಲು ಒಡೆಯುವವರಿಗೆ ತಂತಿಜಾಲರಿಯ ಕನ್ನಡಕ ಕೊಡುವ ವಾಡಿಕೆ ಯುರೋಪಿನಲ್ಲಿ 19ನೆಯ ಶತಮಾನದಷ್ಟು ಹಳೆಯದು. ಭಾರತದ 1948ರ ಕಾರ್ಖಾನೆ ಕಾಯ್ದೆಯ 35ನೆಯ ಕಲಮು ಚೂರು ಹಾರುವ ಕೆಲಸದಲ್ಲಿ ಪರದೆ ಅಥವಾ ಗಾಗಲ್ ಕೊಡಬೇಕೆಂದು ವಿಧಿಸಲು ರಾಜ್ಯ ಸರ್ಕಾರಗಳಿಗೆ ಅಧಿಕಾರ ಕೊಟ್ಟಿತು. ಬಯಲಲ್ಲಿ ಕುಳಿತ ಬರದ ಕೂಲಿ ಕಾರ್ಖಾನೆಯ ಕೆಲಸಗಾರನಲ್ಲ, ಕಾಯ್ದೆಯ ಬಾಗಿಲಿನ ಹೊರಗೇ ಉಳಿದ. ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆ ಈ ಬರದಿಂದ ಬೆಳೆದದ್ದು. 1977ರಲ್ಲಿ ಅದಕ್ಕೆ ಕಾಯ್ದೆಯ ರೂಪ ಬಂತು. ಹಳ್ಳಿಗಳನ್ನು ಜೋಡಿಸಿದ ಖಡಿ ರಸ್ತೆಗಳಲ್ಲಿ ಬಹಳಷ್ಟು ಇಂಥ ಕಾಮಗಾರಿಯಿಂದ ಆದವು, ಸೈಕಲ್ ಒಳದಾರಿಗಳಿಗೆ ಇಳಿದದ್ದು ಅವುಗಳ ಮೇಲೆ. ಡಾಂಬರು ಕಾಣದ ಅಥವಾ ಡಾಂಬರು ಕಿತ್ತುಹೋದ ಖಡಿಯ ದಾರಿ ಹೊಸ ಅಪಾಯವನ್ನೂ ತಂದಿತು. ಲಾರಿಯ ಗಾಲಿಯಡಿ ಸಿಕ್ಕ ಹರಳು ಸಿಡಿದು ಪಕ್ಕದ ಸವಾರನ ಮುಖಕ್ಕೆ ಬಡಿಯತೊಡಗಿತು.

ಕರಿ ಗಾಜಿನ ಕನ್ನಡಕ ಹಳ್ಳಿಗೆ ಬಂದ ಬಾಗಿಲು ಮಾತ್ರ ಬೇರೆ. ಬಿಸಿಲಿನ ಸಾಮಾನಾಗಿ ಬರುವ ಮೊದಲು ಅದು ಬಂದದ್ದು ಕಣ್ಣಿನ ಆಪರೇಷನ್ನಿನ ಗುರುತಾಗಿ. ಬಿಜಾಪುರ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1943ರಲ್ಲಿ ಗುಜರಾತಿನ ಪಾಟಣದಿಂದ ಆರಂಭಿಸಿ ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಶಿಬಿರ ನಡೆಸುವ ಪದ್ಧತಿಯನ್ನು ಕರ್ನಾಟಕದಲ್ಲಿ ಮನೆಮಾತು ಮಾಡಿದರು. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. 1976ರಲ್ಲಿ ಕೇಂದ್ರ ಸರ್ಕಾರ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿದ ಮೇಲೆ ಇಂಥ ಶಿಬಿರಗಳು ಎಲ್ಲ ರಾಜ್ಯಗಳಲ್ಲಿ ಹೆಚ್ಚಿದವು. ಮೋತಿಬಿಂದು ತೆಗೆಸಿಕೊಂಡವರು ಕೆಲದಿನ ಹಸಿರು ಅಥವಾ ಕಪ್ಪು ಚಸ್ಮಾ ಹಾಕಿಕೊಂಡು ಕಟ್ಟೆಯ ಮೇಲೆ ಕೂರುವುದು ಊರಿಗೆ ಪರಿಚಿತ ನೋಟವಾಯಿತು. ಹುಡುಗನೊಬ್ಬ ಕರಿ ಚಸ್ಮಾ ಹಾಕಿಕೊಂಡು ಸೈಕಲ್ ಹತ್ತಿದರೆ ‘ಆಪರೇಷನ್ ಆಗ್ಯದೇನು?’ ಎಂದು ಕೇಳುವ ಚೇಷ್ಟೆಗೆ ಇದೇ ಮೂಲ. ಸಿನಿಮಾದ ನಾಯಕ ಅದನ್ನು ಷೋಕಿಯ ವಸ್ತು ಮಾಡಿದ ಮೇಲೂ ಸಂಕೋಚ ಪೂರ್ತಿ ಹೋಗಲಿಲ್ಲ. ಹಿರಿಯರ ಎದುರು ಕರಿ ಚಸ್ಮಾ ತೆಗೆಯದೆ ಮಾತಾಡುವುದು ಉದ್ಧಟತನ ಎನ್ನಿಸಿಕೊಂಡಿತು. ಉಪಯೋಗದ ವಸ್ತುವೊಂದು ರೋಗಿಯ ಗುರುತು ಮತ್ತು ಷೋಕಿಲಾಲನ ಗುರುತು ಎರಡರ ನಡುವೆ ಸಿಕ್ಕಿ ದುಡಿಯುವವನ ಮುಖಕ್ಕೆ ಬರಲು ಇಷ್ಟು ತಡವಾದದ್ದರಲ್ಲಿ ಆಶ್ಚರ್ಯವಿಲ್ಲ.

ಆಪರೇಷನ್ ಆದವರಿಗೆ ಆಮೇಲೆ ಸಿಗುತ್ತಿದ್ದುದು ದಪ್ಪ ಗಾಜಿನ ಕನ್ನಡಕ. ಕಣ್ಣಿನ ಮಸೂರವನ್ನೇ ತೆಗೆದುಹಾಕುತ್ತಿದ್ದುದರಿಂದ ಪ್ಲಸ್ 10ರ ಆಸುಪಾಸಿನ ಪವರು ಬೇಕಾಗುತ್ತಿತ್ತು. ಅದರೊಳಗಿಂದ ವಸ್ತುಗಳು ಕಾಲು ಭಾಗಕ್ಕೂ ಹೆಚ್ಚು ದೊಡ್ಡದಾಗಿ, ಆದ್ದರಿಂದ ಹತ್ತಿರವಿರುವಂತೆ ಕಾಣುತ್ತವೆ. ನೋಟದ ನಡುವಲಯಕ್ಕೂ ಅಂಚಿಗೂ ನಡುವೆ ಏನೂ ಕಾಣದ ಬಳೆಯಾಕಾರದ ಪಟ್ಟಿ ಉಳಿಯುತ್ತದೆ. ಅಡ್ಡದಿಂದ ಬರುವ ಎಮ್ಮೆ ಆ ಪಟ್ಟಿಯೊಳಗೆ ಮಾಯವಾಗಿ, ತಟಕ್ಕನೆ ಮುಂದೆ ಪ್ರತ್ಯಕ್ಷವಾಗುತ್ತದೆ. ಓದಲು ನೆರವಾದ ಈ ಕನ್ನಡಕ ಸೈಕಲ್ ತುಳಿಯುವ ಹಿರಿಯರಿಗೆ ತೊಡಕೇ ಆಯಿತು. ಈ ತೊಡಕನ್ನು ತೆಗೆದದ್ದು ಕಣ್ಣೊಳಗೇ ಕೂರಿಸುವ ಮಸೂರ. ಅದರ ಹುಟ್ಟಿನ ಹಿಂದೆಯೂ ಒಂದು ಗಾಗಲ್ ಇದೆ. 1940ರ ಆಗಸ್ಟಿನಲ್ಲಿ ಬ್ರಿಟನ್ನಿನ ಯುದ್ಧವಿಮಾನದ ಚಾಲಕ ಗಾರ್ಡನ್ ಕ್ಲೀವರ್ ಗಾಗಲ್ ಇಲ್ಲದೆ ಹಾರಾಟಕ್ಕೆ ಹೋದ. ಗುಂಡು ತಗಲಿ ಒಡೆದ ಪರ್ಸ್‌ಪೆಕ್ಸ್ ಮುಚ್ಚಳದ ಚೂರುಗಳು ಅವನ ಎರಡೂ ಕಣ್ಣು ಹೊಕ್ಕವು. ಆ ಪ್ಲಾಸ್ಟಿಕ್ ಚೂರುಗಳು ಕಣ್ಣಿನಲ್ಲಿ ಉರಿಯೂತ ಉಂಟುಮಾಡದೆ ಉಳಿದದ್ದನ್ನು ಗಮನಿಸಿದ ವೈದ್ಯ ಹೆರಾಲ್ಡ್ ರಿಡ್ಲಿ 1949ರಲ್ಲಿ ಅಂಥದೇ ವಸ್ತುವಿನಿಂದ ಮಸೂರ ಮಾಡಿ ಕಣ್ಣೊಳಗೆ ಇಟ್ಟ. ಮದುರೆಯ ಆರೋಲ್ಯಾಬ್ 1992ರಲ್ಲಿ ಅದನ್ನು ಅಗ್ಗವಾಗಿ ತಯಾರಿಸತೊಡಗಿತು. 1994ರಿಂದ ವಿಶ್ವಬ್ಯಾಂಕಿನ ನೆರವಿನ ಮೋತಿಬಿಂದು ಯೋಜನೆ ಮಹಾರಾಷ್ಟ್ರ ಸೇರಿ ಏಳು ರಾಜ್ಯಗಳಲ್ಲಿ ನಡೆಯಿತು. ದಪ್ಪ ಗಾಜು ಕ್ರಮೇಣ ಮರೆಗೆ ಸರಿಯಿತು, ಅರವತ್ತು ದಾಟಿದವರು ಮತ್ತೆ ನೆಟ್ಟಗೆ ಸೈಕಲ್ ಹೊಡೆಯುವಂತಾದರು.

ಪ್ಲಾಸ್ಟಿಕ್ಕಿನ ಚರಿತ್ರೆ ಹೊರಗಿನ ಕನ್ನಡಕವನ್ನೂ ಬದಲಿಸಿತು. 1913ರ ಹೊತ್ತಿಗೆ ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್ ಗಾಜಿನ ಕುಲುಮೆಯ ಕೆಲಸಗಾರರ ಕಣ್ಣಿಗಾಗಿ ಸೀರಿಯಂ ಬೆರೆಸಿದ, ನೇರಳಾತೀತ ಕಿರಣ ತಡೆಯುವ ಗಾಜು ಸಿದ್ಧಪಡಿಸಿದ್ದ. ಭಾರತದ ಚಸ್ಮಾ ಅಂಗಡಿಗಳಲ್ಲಿ ಅವನ ಹೆಸರಿನ ತಿಳಿಬಣ್ಣದ ಗಾಜು ದಶಕಗಟ್ಟಲೆ ನಡೆಯಿತು. 1940ರ ದಶಕದಲ್ಲಿ ಸಿ.ಆರ್.-39 ಎಂಬ ಹಗುರ ಪ್ಲಾಸ್ಟಿಕ್ ಬಂತು. 1953ರಲ್ಲಿ ಜರ್ಮನಿಯ ಹರ್ಮನ್ ಷ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಬೇರೆ ಬೇರೆಯಾಗಿ ಪಾಲಿಕಾರ್ಬೊನೇಟ್ ಕಂಡುಹಿಡಿದರು. ಸುತ್ತಿಗೆ ಏಟಿಗೂ ಚೂರಾಗದೆ ಬಾಗುವ ಈ ವಸ್ತು ಮೊದಲು ಕಾರ್ಖಾನೆಯ ರಕ್ಷಾಕನ್ನಡಕ, ಹೆಲ್ಮೆಟ್ಟಿನ ಮುಖಪರದೆಗಳಿಗೆ ಹೋಯಿತು. ಬಣ್ಣವಿಲ್ಲದಿದ್ದರೂ ನೇರಳಾತೀತ ಕಿರಣವನ್ನು ತಡೆಯುವುದು ಅದರ ಇನ್ನೊಂದು ಗುಣ. 1984ರಲ್ಲಿ ಅಮೆರಿಕದ ಓಕ್ಲಿ ಕಂಪನಿ ಮುಖಕ್ಕೆ ಸುತ್ತುವರಿಯುವ ಒಂದೇ ಹಾಳೆಯ ಸೈಕಲ್ ಕನ್ನಡಕ ಹೊರತಂದಿತು. 1986ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಮುಂತಾದವರು ಅದನ್ನು ಧರಿಸಿದ ಮೇಲೆ ಧೂಳುಗನ್ನಡಕ ಮತ್ತೆ ಸೈಕಲ್ಲಿನ ಉಡುಪಾಯಿತು.

ಅದೇ ಹೊತ್ತಿಗೆ ಮರಾಠವಾಡದಲ್ಲಿ ಸೈಕಲ್ಲಿನ ಜಾಗಕ್ಕೆ ಮೋಟಾರ್‌ಸೈಕಲ್ ಬರತೊಡಗಿತ್ತು. ಗಾಳಿಯ ರಭಸ ಹೆಚ್ಚಿದ್ದರಿಂದ ಗಾಗಲ್ ಮೊದಲು ನೆಲೆಯೂರಿದ್ದು ಅದರ ಸವಾರರ ಮುಖದಲ್ಲಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳ 50ಕ್ಕೂ ಹೆಚ್ಚು ಹಳ್ಳಿಗಳನ್ನು ಹೊಸ ಜಾಗದಲ್ಲಿ, ಅಗಲ ಬೀದಿಗಳೊಡನೆ ಕಟ್ಟಿದರು. ಅನೇಕರಿಗೆ ಮನೆಯಿಂದ ಹೊಲ ದೂರವಾಯಿತು, ಗಾಲಿಯ ಅಗತ್ಯ ಹೆಚ್ಚಿತು. ಲಾತೂರಿನ ಕೋಚಿಂಗ್ ತರಗತಿಗಳಿಗೆ ಹೋಗುವ ಹುಡುಗಿಯರು ಓಢಣಿ ಅಥವಾ ಸ್ಕಾರ್ಫನ್ನು ತಲೆ, ಮೂಗು, ಬಾಯಿಗೆ ಬಿಗಿದು ಅದರ ಮೇಲೆ ಚಸ್ಮಾ ಇಡುವ ರೂಢಿ ಬೆಳೆಸಿದರು. ಹಳೆಯ ದಸ್ತಿಯ ಉಪಾಯವೂ ಹೊಸ ಗಾಗಲ್ಲೂ ಕೂಡಿಕೊಂಡ ಈ ಕಟ್ಟು ಯಾವ ಕಂಪನಿಯೂ ರೂಪಿಸಿದ್ದಲ್ಲ, ಈ ಹವೆಗೆ ಇದಕ್ಕಿಂತ ಒಪ್ಪುವುದು ಸಿಗುವುದೂ ಕಷ್ಟ. ಗಡಿಯಾಚೆ ಕರ್ನಾಟಕ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಮಹಾರಾಷ್ಟ್ರದಲ್ಲಿ ಹಿಂದುಳಿದ ತಾಲೂಕುಗಳ ಶಾಲಾ ಹುಡುಗಿಯರಿಗೆ ಮಾನವ ವಿಕಾಸ ಕಾರ್ಯಕ್ರಮದಡಿ ಸೈಕಲ್ ಸಿಕ್ಕಿತು. ಎರಡು ಯೋಜನೆಗಳಲ್ಲೂ ಕಣ್ಣಿನ ಮಾತು ಬರಲಿಲ್ಲ.

ಇಂದು ಈ ಸೀಮೆಯ ಸವಾರ ಕನ್ನಡಕ ಆರಿಸುವಾಗ ನೋಡಬೇಕಾದ ಮೊದಲ ವಿಷಯ ಬಣ್ಣವಲ್ಲ, ಆಕಾರ. ಧೂಳೂ ಸುಂಕೂ ಎದುರಿಗಿಂತ ಮಗ್ಗುಲಿನಿಂದ, ಕೆಳಗಿನಿಂದ ನುಗ್ಗುತ್ತವೆ. ಹುಬ್ಬಿಗೂ ಕೆನ್ನೆಗೂ ಹತ್ತಿರ ಕೂರುವ, ಕಿವಿಯ ಕಡೆಗೆ ಬಾಗಿದ ಫ್ರೇಮು ಬೇಕು. ಪೂರ್ತಿ ಮುಚ್ಚಿದರೆ ಬೆವರಿನ ಆವಿ ಕಟ್ಟಿ ಮಬ್ಬಾಗುತ್ತದೆ, ಆದ್ದರಿಂದ ಮೇಲಂಚಿನಲ್ಲಿ ಗಾಳಿಯಾಡುವ ಸಂದು ಇರಬೇಕು. ಸ್ಕಾರ್ಫ್ ಕಟ್ಟುವವರು ಬಟ್ಟೆಯನ್ನು ಮೂಗಿನ ಮೇಲೆ ಬಿಗಿಯಾಗಿ ಒತ್ತಿಕೊಳ್ಳದಿದ್ದರೆ ಉಸಿರು ಮೇಲೇರಿ ಚಸ್ಮಾ ಮುಸುಕುತ್ತದೆ.

ವಸ್ತುವಿನ ಮಟ್ಟಿಗೆ ಪಾಲಿಕಾರ್ಬೊನೇಟ್ ಬಿಟ್ಟು ಬೇರೆಯದನ್ನು ಹುಡುಕುವ ಕಾರಣವಿಲ್ಲ. ಯುರೋಪಿನ ಇ.ಎನ್. 166 ಮಾನದಂಡದಲ್ಲಿ ‘ಎಫ್’ ಗುರುತು ಪಡೆದ ಮಸೂರ 6 ಮಿ.ಮೀ. ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ, ಅಂದರೆ ತಾಸಿಗೆ 162 ಕಿ.ಮೀ. ವೇಗದಲ್ಲಿ ಬಡಿದರೂ ಒಡೆಯಬಾರದು. ಅಮೆರಿಕದ ಝಡ್ 87.1 ಮಾನದಂಡದ ಪರೀಕ್ಷೆಯೂ ಇದಕ್ಕೆ ಸಮೀಪದ್ದು. ಭಾರತದ ಕೈಗಾರಿಕಾ ಕಣ್ರಕ್ಷಕಗಳಿಗೆ ಐ.ಎಸ್. 5983 ಇದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೈಂಡರ್ ಕೆಲಸಕ್ಕೆಂದು ಮಾರುವ ಪಾರದರ್ಶಕ ಚಸ್ಮಾಕ್ಕೆ ಇಂಥ ಗುರುತಿದ್ದರೆ ಅದು ರಸ್ತೆಬದಿಯ ಬಣ್ಣದ ಗಾಗಲ್ಲಿಗಿಂತ ಮೇಲು, ಬೆಲೆಯೂ ಕಡಿಮೆ. ಚೆಂದ ಕಾಣುವುದಿಲ್ಲ ಎಂಬುದೊಂದೇ ಅದರ ಮೇಲಿನ ದೂರು.

ಬಣ್ಣದ ವಿಷಯದಲ್ಲಿ ಹಳೆಯ ತಪ್ಪು ತಿಳಿವಳಿಕೆ ಇನ್ನೂ ಉಳಿದಿದೆ. ಗಾಜು ಎಷ್ಟು ಕಪ್ಪೋ ಅಷ್ಟು ರಕ್ಷಣೆ ಎಂಬುದು ನಿಜವಲ್ಲ. ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗುತ್ತದೆ. ನೇರಳಾತೀತ ಕಿರಣ ತಡೆಯದ ಕಪ್ಪು ಮಸೂರದ ಹಿಂದೆ ಹಿಗ್ಗಿದ ಪಾಪೆ ಹೆಚ್ಚು ಕಿರಣವನ್ನೇ ಒಳಗೆ ಬಿಡುತ್ತದೆ. ಯು.ವಿ. 400 ಎಂಬ ಗುರುತು ಬಣ್ಣಕ್ಕಿಂತ ಮುಖ್ಯ. ಬಿಸಿಲುಗನ್ನಡಕಗಳನ್ನು 0ರಿಂದ 4ರವರೆಗೆ ವರ್ಗ ಮಾಡುತ್ತಾರೆ. 3ನೆಯ ವರ್ಗ ಬೆಳಕಿನ ಶೇ 8ರಿಂದ 18ನ್ನು ಒಳಬಿಡುತ್ತದೆ, ಏಪ್ರಿಲ್‌ನ ಬಯಲಿಗೆ ಇದು ಸಾಕು. 4ನೆಯ ವರ್ಗ ವಾಹನ ನಡೆಸುವವರಿಗೆ ಸಲ್ಲದು. ಸಾಲುಮರದ ನೆರಳು ಬಿಸಿಲು ಬದಲಾಗುವ ದಾರಿಗೆ ಕಂದು ಛಾಯೆ ಒಳ್ಳೆಯದು, ತಗ್ಗಿನ ಅಂಚನ್ನು ಅದು ಎತ್ತಿ ತೋರಿಸುತ್ತದೆ. ಕತ್ತಲಾದ ಮೇಲೆ ಬಣ್ಣವಿಲ್ಲದ್ದೇ ಸರಿ. ರಾತ್ರಿಯ ನೋಟ ಸುಧಾರಿಸುತ್ತದೆಂದು ಮಾರುವ ಹಳದಿ ಚಸ್ಮಾ ಒಳಬರುವ ಬೆಳಕನ್ನು ಇನ್ನಷ್ಟು ಕಡಿಮೆ ಮಾಡುತ್ತದೆ, ಅಷ್ಟೇ. ಪೋಲರಾಯ್ಡ್ ಮಸೂರ ಒದ್ದೆ ರಸ್ತೆಯ ಝಳಪನ್ನು ತೆಗೆಯುತ್ತದೆ. ಆದರೆ ಎಣ್ಣೆ ಚೆಲ್ಲಿದ ಜಾಗವನ್ನು ಸವಾರ ಗುರುತಿಸುವುದು ಆ ಝಳಪಿನಿಂದಲೇ.

ಪವರಿನ ಕನ್ನಡಕ ಇರುವವರು ಅದೇ ಪವರನ್ನು ಪಾಲಿಕಾರ್ಬೊನೇಟಿನಲ್ಲಿ, ತುಸು ದೊಡ್ಡ ಫ್ರೇಮಿನಲ್ಲಿ ಮಾಡಿಸಿಕೊಳ್ಳುವುದು ಮೇಲು. ಧೂಳಿನ ದಾರಿಯಲ್ಲಿ ಕಾಂಟ್ಯಾಕ್ಟ್ ಲೆನ್ಸ್ ತೊಂದರೆಯ ಮೂಲ, ಅದರಡಿ ಸಿಕ್ಕ ಹರಳು ರೆಪ್ಪೆ ಬಡಿದಾಗಲೆಲ್ಲ ಕೆರೆಯುತ್ತದೆ.

ಪಾಲಿಕಾರ್ಬೊನೇಟ್ ಒಡೆಯದು, ಆದರೆ ಮೆತ್ತಗಿರುವುದರಿಂದ ಬೇಗ ಗೀರು ಬೀಳುತ್ತದೆ. ಬಸಾಲ್ಟಿನ ಪುಡಿ ಕೂತ ಮಸೂರವನ್ನು ಅಂಗಿಯ ತುದಿಯಿಂದ ಒರೆಸುವುದೆಂದರೆ ಉಸುಕುಕಾಗದದಿಂದ ತಿಕ್ಕಿದಂತೆ. ಮೊದಲು ನೀರು ಸುರಿದು ಧೂಳು ತೊಳೆದು, ಆಮೇಲೆ ಮೆತ್ತನೆಯ ಬಟ್ಟೆ ಮುಟ್ಟಿಸಬೇಕು. ಗಡಸು ಲೇಪವಿರುವ ಮಸೂರವನ್ನೇ ಕೊಳ್ಳಬೇಕು. ಎದುರುಬಿಸಿಲಿನಲ್ಲಿ ಗೀರುಗಳು ಹೊಳೆದು ದಾರಿ ಮರೆಸತೊಡಗಿದರೆ ಆ ಚಸ್ಮಾದ ಆಯುಷ್ಯ ಮುಗಿಯಿತು.

ಚಸ್ಮಾ ಇದ್ದೂ ಒಮ್ಮೊಮ್ಮೆ ಕಣ್ಣಿಗೆ ಏನಾದರೂ ಬಿದ್ದೇ ಬೀಳುತ್ತದೆ. ಉಜ್ಜದೆ, ಶುದ್ಧ ನೀರಿನಿಂದ ತೊಳೆಯುವುದು ಮೊದಲ ಕೆಲಸ. ಜೋಳದ ಗರಿ, ಸುಂಕು, ಸೋಯಾಬೀನಿನ ಹೊಟ್ಟು ತಗಲಿ ಆದ ಗೀರನ್ನು ಹಗುರಾಗಿ ಕಾಣುವಂತಿಲ್ಲ. ಸಸ್ಯದ ಚೂರಿನೊಂದಿಗೆ ಬೂಷ್ಟು ಒಳಹೊಕ್ಕು ಕಾರ್ನಿಯಾದ ಹುಣ್ಣಾಗುವುದು ದಕ್ಷಿಣ ಭಾರತದ ಒಕ್ಕಲುತನದ ಸೀಮೆಗಳಲ್ಲಿ ಕುರುಡಿನ ದೊಡ್ಡ ಕಾರಣಗಳಲ್ಲಿ ಒಂದು. ನೇಪಾಳದ ಭಕ್ತಪುರದಲ್ಲಿ ನಡೆದ ಅಧ್ಯಯನವೊಂದು ಗೀರು ಬಿದ್ದ ಬೆನ್ನಿಗೇ ಊರಿನ ಆರೋಗ್ಯ ಕಾರ್ಯಕರ್ತರು ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರೆ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದೆಂದು ತೋರಿಸಿದೆ. ಅಂಗಡಿಯಲ್ಲಿ ಕೇಳದೆಯೇ ಕೊಡುವ ಸ್ಟೆರಾಯ್ಡ್ ಹನಿ ಮಾತ್ರ ಬೂಷ್ಟಿನ ಸೋಂಕನ್ನು ಹೆಚ್ಚಿಸುತ್ತದೆ. ಮಾರನೆಯ ದಿನಕ್ಕೂ ಕಣ್ಣು ಕೆಂಪಾಗಿ, ಬೆಳಕು ಸಹಿಸದಿದ್ದರೆ ಉಮರ್ಗಾ, ಉದಗೀರ, ಲಾತೂರ, ಸೊಲ್ಲಾಪುರ, ಕಲಬುರಗಿ ಯಾವುದು ಹತ್ತಿರವೋ ಅಲ್ಲಿಯ ಕಣ್ಣಿನ ವೈದ್ಯರಿಗೆ ತೋರಿಸಬೇಕು.